ಆಹ್ವಾನ ಪತ್ರಿಕೆಯ ವರದಿಗಾರ

ಬ್ಯಾಲಿನೀಲ್ ಎಂಬ ಊರು ಡಬ್ಲಿನ್ನಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಬಸ್ಸು ಬಂದರೆ. ಡಬ್ಲಿನ್ನಿನ ಅಂಚಿನ ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಕಟ್ಟಲಾರದೆ ಒಂದೊಂದಾಗಿ ಗಂಟುಮೂಟೆ ಕಟ್ಟಿ ಬಂದ ಕನ್ನಡದ ಸಂಸಾರಗಳು ಈಗ ಅಲ್ಲಿ ಒಂದು ಸಂಘ ಮಾಡಿಕೊಂಡಿವೆ. ಸಂಘಕ್ಕೆ ಒಬ್ಬ ಅಧ್ಯಕ್ಷರಿದ್ದಾರೆ, ಅಧ್ಯಕ್ಷರನ್ನು ಕಂಡರಾಗದ ಒಂದು ಗುಂಪೂ ಇದೆ, ಎರಡೂ ಕಡೆಯವರು ಒಂದೇ ಅಂಗಡಿಯಲ್ಲಿ ಸೋನಾ ಮಸೂರಿ ಕೊಳ್ಳುತ್ತಾ ಸುಖವಾಗಿದ್ದಾರೆ. ಈ ಊರಿನ ರೇಡಿಯೊದಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಕನ್ನಡ ಬರುತ್ತಿತ್ತು. ಅದನ್ನು ನಡೆಸುತ್ತಿದ್ದವರು ತಿಪಟೂರಿನ ಸತ್ಯಪ್ರಕಾಶ್.

ತಿಪಟೂರಿನಲ್ಲಿ ಅವರು ‘ಸಂಜೆ ಗುಡುಗು’ ಎಂಬ ನಾಲ್ಕು ಪುಟದ ಪತ್ರಿಕೆಯ ಸಂಪಾದಕರು, ಮುದ್ರಕರು, ಪ್ರಕಾಶಕರು, ಏಕಮಾತ್ರ ವರದಿಗಾರರು, ಮತ್ತು ಹಂಚುವವನು ಕೈಕೊಟ್ಟ ದಿನ ಸ್ಕೂಟರಿನ ಮೇಲೆ ಹಂಚುವವರೂ ಆಗಿದ್ದರು. ರಾತ್ರಿ ಏಳಕ್ಕೆ ಕೇಬಲ್ ಟಿವಿಯಲ್ಲಿ ವಾರ್ತೆ ಓದುತ್ತಿದ್ದರು; ಹಿಂದೆ ನೀಲಿ ಬಟ್ಟೆ, ಮೇಲೆ ಕೋಟು, ಮೇಜಿನ ಕೆಳಗೆ ಲುಂಗಿ. ಕೊಬ್ಬರಿ ಮಂಡಿಯ ಧಾರಣೆಯಿಂದ ಹಿಡಿದು ಪುರಸಭೆಯ ಚರಂಡಿಯವರೆಗೆ ಎಲ್ಲವೂ ಅವರ ಬಾಯಲ್ಲಿ ಒಂದೇ ಗಾಂಭೀರ್ಯದಿಂದ ಹೊರಬರುತ್ತಿತ್ತು. ಬೀದಿಯಲ್ಲಿ ಹೋದರೆ ಹೋಟೆಲಿನವರು “ಎಡಿಟ್ರೇ, ಬನ್ನಿ, ಒಂದ್ ಬೈಟು ಕಾಫಿ” ಎಂದು ಕೂಗುತ್ತಿದ್ದರು. ಆ ಕೂಗು ಅವರಿಗೆ ಊಟಕ್ಕಿಂತ ಹೆಚ್ಚು ರುಚಿಸುತ್ತಿತ್ತು.

ಒಬ್ಬನೇ ಮನುಷ್ಯ ಇಷ್ಟು ಸುದ್ದಿ ಹೇಗೆ ಹೊಂದಿಸುತ್ತಾನೆ ಎಂದು ನೀವು ಕೇಳಬಹುದು. ಸಣ್ಣ ಊರಿನ ಪತ್ರಿಕೆಯವರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ವಿದ್ಯೆಯೊಂದಿದೆ: ಸಮಾರಂಭದ ವರದಿಯನ್ನು ಸಮಾರಂಭಕ್ಕೆ ಮುಂಚೆಯೇ ಆಹ್ವಾನ ಪತ್ರಿಕೆ ನೋಡಿ ಬರೆಯುವುದು. ಕಾರ್ಡಿನಲ್ಲಿ ಎಲ್ಲವೂ ಇರುತ್ತದಲ್ಲ! ಅಧ್ಯಕ್ಷತೆ ಯಾರದು, ಉದ್ಘಾಟನೆ ಯಾರದು, ಘನ ಉಪಸ್ಥಿತಿ ಯಾರದು, ಪ್ರಾರ್ಥನೆ ಯಾರದು, ವಂದನಾರ್ಪಣೆ ಯಾರದು. ‘ಮಾಡಲಿದ್ದಾರೆ’ ಎಂದಿದ್ದಲ್ಲಿ ‘ಮಾಡಿದರು’ ಎಂದು ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಇನ್ನು ಭಾಷಣ. ನಮ್ಮಲ್ಲಿ ವೇದಿಕೆ ಹತ್ತಿದವರು ಏನು ಹೇಳುತ್ತಾರೆ ಎಂಬುದು ಅವರ ಚಪ್ಪಲಿಗೂ ಗೊತ್ತಿರುತ್ತದೆ. ನಾಡು, ನುಡಿ, ನೆಲ, ಜಲ, ಯುವಜನತೆ, ಕರೆ ನೀಡಿದರು.

ಈ ವಿದ್ಯೆಯಿಂದ ಸತ್ಯಪ್ರಕಾಶರಿಗೆ ಒಂದು ದಿನವೂ ತೊಂದರೆಯಾಗಿರಲಿಲ್ಲ. ಒಮ್ಮೆ ಒಬ್ಬ ಮುಖ್ಯ ಅತಿಥಿ ಬರಲೇ ಇಲ್ಲ, ಪತ್ರಿಕೆಯಲ್ಲಿ ಮಾತ್ರ ಬಂದು ಅಮೋಘವಾಗಿ ಮಾತನಾಡಿದ್ದರು. ಮರುದಿನ ಆ ಅತಿಥಿಯೇ ಫೋನ್ ಮಾಡಿ, ನನ್ನ ಭಾಷಣದ ಸಾರಾಂಶ ಬಹಳ ಚೆನ್ನಾಗಿ ಹಿಡಿದಿದ್ದೀರಿ ಎಂದು ಹೊಗಳಿದರು. ಜಗಳಕ್ಕೆ ಬರುತ್ತಿದ್ದವರು ಹೆಸರು ಬಿಟ್ಟುಹೋದವರು ಮಾತ್ರ.

ಹೀಗಿರುವಾಗ ಅವರ ಹೆಂಡತಿ ಭಾನುಮತಿಗೆ ಡಬ್ಲಿನ್ನಿನ ಸ್ಯಾಂಡಿಫರ್ಡಿನಲ್ಲಿರುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿತು. ‘ಗುಡುಗು’ ಅಷ್ಟು ಹೊತ್ತಿಗೆ ವಾಟ್ಸಾಪಿನ ಮುಂದೆ ನಿಲ್ಲಲಾರದೆ ಗಂಟಲು ಕಟ್ಟಿಕೊಂಡಿತ್ತು. ಸಂಪಾದಕರು ಹೆಂಡತಿಯ ವೀಸಾದ ಸೆರಗು ಹಿಡಿದು, ಮಗಳು ತನ್ವಿಯನ್ನು ಎತ್ತಿಕೊಂಡು, ಐರ್ಲೆಂಡಿಗೆ ಬಂದಿಳಿದರು. ಸ್ಯಾಂಟ್ರಿಯ ಬಿಸಿನೆಸ್ ಪಾರ್ಕೊಂದರಲ್ಲಿ ಸೆಕ್ಯುರಿಟಿ ಕೆಲಸವಾಯಿತು. ಅಲ್ಲಿಯೂ ಕೋಟು ಕೊಟ್ಟರು. ಕಾರುಗಳು ಬಂದಾಗ ಗೇಟು ಎತ್ತಬೇಕು, ಹೋದಾಗ ಇಳಿಸಬೇಕು. ಒಳಗೆ ಹೋಗುವ ಯಾರಿಗೂ ಅವರ ಅಭಿಪ್ರಾಯ ಬೇಕಿರಲಿಲ್ಲ. ವರ್ಷಗಟ್ಟಲೆ ಯಾರೂ “ಎಡಿಟ್ರೇ” ಎನ್ನಲಿಲ್ಲ. ಮನುಷ್ಯ ಒಳಗೊಳಗೇ ಸೊರಗಿಹೋದರು, ಸುಳ್ಳಲ್ಲ.

ಅಂಥವರಿಗೆ ಜೀವ ಬಂದದ್ದು, ಬ್ಯಾಲಿನೀಲಿಗೆ ಮನೆ ಬದಲಾಯಿಸಿದ ಮೇಲೆ, ರೇಡಿಯೊದಿಂದ. ಬ್ಯಾಲಿನೀಲಿನ ರೇಡಿಯೊ ಕಸಾಯಿ ಅಂಗಡಿಯ ಮಹಡಿಯಲ್ಲಿದೆ. ಅದರ ಮ್ಯಾನೇಜರ್ ಡರ್ಮಟ್ ಎಂಬ ಬಿಳಿಗಡ್ಡದ ಮನುಷ್ಯ, ಸರ್ಕಾರದ ಪರವಾನಗಿ ಇಲ್ಲದೆ ಕದ್ದು ಪ್ರಸಾರ ಮಾಡುತ್ತಿದ್ದ ಪೈರೇಟ್ ರೇಡಿಯೊ ಕಾಲದಿಂದಲೂ ಅದೇ ಮಹಡಿಯಲ್ಲಿದ್ದವರು. ಇನ್‌ಸ್ಪೆಕ್ಟರುಗಳ ವ್ಯಾನು ಬಂತೆಂದರೆ ಟ್ರಾನ್ಸ್‌ಮಿಟರನ್ನು ಕೆಳಗೆ ಇಳಿಸಿ, ತಣ್ಣನೆ ಕೋಣೆಯಲ್ಲಿ ನೇತಾಡುವ ಹಂದಿಗಳ ನಡುವೆ ಬಚ್ಚಿಡುತ್ತಿದ್ದರಂತೆ. ಊರಿಗೆ ‘ಬ್ಯಾಲಿನೀಲ್ ಸೆಂಟಿನೆಲ್’ ಎಂಬ ವಾರಪತ್ರಿಕೆಯೂ ಇತ್ತು. ನೂರು ವರ್ಷಕ್ಕೂ ಮೀರಿ ದನದ ಸಂತೆಯ ದರ, ಯಾರ ಮಗ ಅಮೆರಿಕಕ್ಕೆ ಹೋದ, ಯಾರ ಬೇಲಿ ಯಾರು ಕಿತ್ತರು ಎಲ್ಲ ಬರೆದು, ಕೊನೆಗೆ ಡಬ್ಲಿನ್ನಿನ ದೊಡ್ಡವರ ಕೈಗೆ ಸಿಕ್ಕಿತು. ಅವರು ಅದನ್ನು ‘ಆಧುನೀಕರಣ’ ಮಾಡಿದರು, ಅಂದರೆ ಮುಚ್ಚಿದರು. ಆ ಕಚೇರಿಯಲ್ಲಿ ಈಗ ವೇಪ್ ಎಂಬ ಬ್ಯಾಟರಿ ಸಿಗರೇಟು ಮಾರುತ್ತಾರೆ. ಇಟ್ಟಿಗೆಯಲ್ಲಿ ಕೆತ್ತಿದ ಪತ್ರಿಕೆಯ ಹೆಸರು ಮಾತ್ರ ಬಾಗಿಲ ಮೇಲೆ ಹಾಗೇ ಇದೆ. ಈ ಕಥೆ ಕೇಳಿದ ದಿನ ಸತ್ಯಪ್ರಕಾಶರಿಗೆ ಡರ್ಮಟ್ ಹಿಂದಿನ ಜನ್ಮದ ಅಣ್ಣನಂತೆ ಕಂಡರು.

ಊರಿನ ರೇಡಿಯೊದಲ್ಲಿ ಎಷ್ಟೇ ಹಾಡು, ಹರಟೆ, ಫುಟ್‌ಬಾಲ್ ಇರಲಿ, ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದದ್ದು ಒಂದನ್ನೇ: ಬೆಳಗಿನ ಸಾವಿನ ಪ್ರಕಟಣೆ. ಯಾರು ತೀರಿಕೊಂಡರು, ಎಲ್ಲಿಯವರು, ಯಾರ ಅಣ್ಣ ಯಾರ ಅಜ್ಜಿ, ದೇಹ ಎಲ್ಲಿಟ್ಟಿದೆ, ಚರ್ಚಿನಲ್ಲಿ ಪೂಜೆ ಎಷ್ಟು ಹೊತ್ತಿಗೆ ಎಂದು ಡರ್ಮಟ್ ತಗ್ಗಿದ ದನಿಯಲ್ಲಿ ಓದುತ್ತಿದ್ದರೆ ಊರಿಗೆ ಊರೇ ಚಹಾದ ಕಪ್ಪು ಹಿಡಿದು ಸುಮ್ಮನಿರುತ್ತಿತ್ತು. ಭಾನುವಾರ ಇದು ಮುಗಿದ ತಕ್ಷಣ ಕನ್ನಡ. ರೇಡಿಯೊ ಆರಿಸಲು ಮರೆತವರೆಲ್ಲ ಸತ್ಯಪ್ರಕಾಶರ ಶ್ರೋತೃಗಳೇ. ಅವರಲ್ಲಿ ಹಲವರಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದು ಅಂಥ ದೊಡ್ಡ ಕೊರತೆಯೇನಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಯಾರೋ ಒಬ್ಬರು “ರೇಡಿಯೊ ಸತ್ಯಪ್ರಕಾಶ್ ಅಲ್ವಾ ನೀವು?” ಎಂದ ದಿನ ಅವರು ಬೇಡದ ಸಾಮಾನನ್ನೂ ಕೊಂಡು ಮನೆಗೆ ಬಂದರು.

ಇಂಥ ಅರ್ಧ ಗಂಟೆಗೇ ಈಗ ಕುತ್ತು ಬಂದಿತ್ತು. ಪೋಲೆಂಡಿನವರೂ ಬ್ರೆಜಿಲಿನವರೂ ಆ ಸಮಯ ನಮಗೆ ಬೇಕು ಎಂದು ಕೇಳುತ್ತಿದ್ದರು. ನವೆಂಬರ್ ಕೊನೆಯ ಸೋಮವಾರ ರೇಡಿಯೊ ಕಮಿಟಿ ಕೂತು ಯಾರಿಗೆ ಕೊಡುವುದೆಂದು ತೀರ್ಮಾನಿಸಲಿತ್ತು. “ಬರೀ ಹಾಡು ಹಾಕಿದರೆ ಆಗುವುದಿಲ್ಲ, ಊರಿನ ವರದಿ ಬೇಕು” ಎಂದು ಡರ್ಮಟ್ ಮೊದಲೇ ಎಚ್ಚರಿಸಿದ್ದರು. ಅದಕ್ಕೆ ಸರಿಯಾಗಿ ಸೋಮವಾರಕ್ಕೆ ಹಿಂದಿನ ಶನಿವಾರವೇ ಸಂಘದ ರಾಜ್ಯೋತ್ಸವ. ನವೆಂಬರ್ ಒಂದರ ಹಬ್ಬವನ್ನು ಹಾಲ್ ಸಿಕ್ಕ ದಿನ ಮಾಡುವುದು ಹೊರದೇಶದ ಕನ್ನಡಿಗರ ಪಂಚಾಂಗ.

ಸಂಘದ ಅಧ್ಯಕ್ಷ ಸಂಪತ್ ಕಾರ್ಡು ಕಳಿಸಿದರು. ಬೆಂಗಳೂರಿನ ಕ್ಲೌಡ್ ಎಂಜಿನಿಯರು, ಆಡುವ ಮಾತೂ ಸ್ವಲ್ಪ ಮೇಲೆಯೇ ತೇಲುತ್ತಿತ್ತು. ಕಾರ್ಡಿನಲ್ಲಿ ಅವರ ಹೆಸರು ಮೂರು ಕಡೆ ಇತ್ತು. ಉದ್ಘಾಟನೆಗೆ ಮಾತ್ರ, ತಮ್ಮನ್ನು ಕಂಡರಾಗದ ಗುಂಪಿನ ಬಾಯಿ ಮುಚ್ಚಿಸಲು, ಎರಡೂ ಕಡೆಗೆ ಸೇರದ ಒಬ್ಬರನ್ನು ಹಾಕಿದ್ದರು: ಇಗ್ನೇಷಿಯಸ್ ಮಿನೇಜಸ್. ಉಡುಪಿ ಕಡೆಯ ಶಿರ್ವದವರು, ಬ್ಲಾಂಚರ್ಡ್ಸ್‌ಟೌನಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ನಿವೃತ್ತರಾದವರು. ಬ್ಯಾಲಿನೀಲಿಗೆ ಬಂದ ಮೊದಲ ಕನ್ನಡಿಗರೇ ಅವರು ಮತ್ತು ಅವರ ಹೆಂಡತಿ ಲೂಸಿ. ಮನೆಮಾತು ಕೊಂಕಣಿ, ಶಾಲೆಯ ಮಾತು ಕನ್ನಡ, ಸ್ವಭಾವತಃ ಮೌನಿ. ವೇದಿಕೆ ಹತ್ತುವುದು ಆಯುಷ್ಯದಲ್ಲಿ ಇದೇ ಮೊದಲು.

ಸತ್ಯಪ್ರಕಾಶರು ಕಾರ್ಯಕ್ರಮವನ್ನು ಪ್ರತಿ ಗುರುವಾರ ಕೆಲಸ ಮುಗಿಸಿ ಬಂದು ರೆಕಾರ್ಡ್ ಮಾಡಿಡುತ್ತಿದ್ದರು. ಭಾನುವಾರ ಡರ್ಮಟ್ ಒಂದು ಗುಂಡಿ ಒತ್ತಿದರೆ ಸಾಕು. ಆ ಗುರುವಾರವೂ ಶನಿವಾರದ ಅದ್ದೂರಿ ರಾಜ್ಯೋತ್ಸವದ ವರದಿಯನ್ನು ಜೇಬಿನಲ್ಲಿಟ್ಟುಕೊಂಡು ಕಸಾಯಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಫೋನ್ ಬಂತು.

“ನಾನು ಇಗ್ನೇಷಿಯಸ್ ಮಾತಾಡುವುದು, ಸತ್ಯಪ್ರಕಾಶರೇ. ಶನಿವಾರ ನನ್ನದು ಉದ್ಘಾಟನೆ ಉಂಟಲ್ಲ, ನನಗೆ ಎರಡು ಮಾತು ಹೇಳ್ಲಿಕ್ಕುಂಟು. ನೀವು ರೇಡಿಯೊದಲ್ಲಿ ಹಾಕ್ತೀರಂತೆ. ಮೊದಲೇ ಹೇಳಿದ್ರೆ ನಿಮಗೆ ಸುಲಭ ಆಗ್ತದಾ ಅಂತ ಮಾಡಿದ್ದು.”

“ಅಯ್ಯೋ ಸರ್, ನೀವ್ಯಾಕೆ ತಲೆ ಕೆಡಿಸ್ಕೋತೀರಾ? ನಾನಾಗ್ಲೇ ಬರ್ಕೊಂಡಾಯ್ತು.”

“ನಾನು ಹೇಳುವುದನ್ನಾ?”

“ಹ್ಞೂಂ ಸರ್, ಗ್ರ್ಯಾಂಡಾಗ್ ಬಂದೈತೆ. ನೀವು ಆರಾಮಾಗಿ ಬಂದು ದೀಪ ಹಚ್ಚಿ, ಸಾಕು. ಸ್ಟುಡಿಯೊ ಟೈಮ್ ಆಯ್ತು, ಇಡ್ಲಾ?”

“ಆಯ್ತು ಮಾರಾಯ್ರೆ, ಹಾಗಾದ್ರೆ ಒಳ್ಳೆದಾಯ್ತು” ಎಂದು ಇಗ್ನೇಷಿಯಸ್ ಫೋನ್ ಇಟ್ಟರು. ಸತ್ಯಪ್ರಕಾಶರು ಮೈಕಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡು ಓದಿದರು: “ಕಿಕ್ಕಿರಿದು ತುಂಬಿದ್ದ ಸಭಾಂಗಣದಲ್ಲಿ ದೀಪ ಬೆಳಗಿಸಿ ಮಾತನಾಡಿದ ಹಿರಿಯ ಕನ್ನಡಿಗ ಇಗ್ನೇಷಿಯಸ್ ಮಿನೇಜಸ್, ಕಡಲಾಚೆ ಬಂದರೂ ನಾವೆಲ್ಲ ಕನ್ನಡಾಂಬೆಯ ಮಡಿಲಿನ ಮಕ್ಕಳು, ಕೊನೆಯುಸಿರು ಇರುವವರೆಗೂ ತಾಯಿನುಡಿಯ ಸೇವೆ ಮಾಡೋಣ ಎಂದು ಲವಲವಿಕೆಯಿಂದ ಕರೆ ನೀಡಿದರು.” ಮುಂದೆ ಸಂಪತ್ ಅವರ ಅಧ್ಯಕ್ಷ ಭಾಷಣ ಬಂತು, ಅದಕ್ಕೆ ಕರತಾಡನ ಬಂತು, ರಂಗೋಲಿ ಸ್ಪರ್ಧೆಯ ತೀರ್ಪುಗಾರರು ಬಂದರು, ಬಿಸಿಬೇಳೆಬಾತಿನ ಉಸ್ತುವಾರಿ ವಹಿಸಿದವರು ಬಂದರು. ಕಾರ್ಡಿನಲ್ಲಿದ್ದ ಒಂದು ಹೆಸರೂ ಬಿಟ್ಟುಹೋಗಲಿಲ್ಲ.

ಶನಿವಾರ ಬೆಳಗ್ಗೆ ಬಿರುಗಾಳಿ ಬಂತು. ಈ ದೇಶದಲ್ಲಿ ಗಾಳಿಗೂ ನಾಮಕರಣ ಮಾಡುತ್ತಾರೆ, ನಂಟರ ಮಗುವಿಗೆ ಇಟ್ಟಂತೆ ಮುದ್ದಾದ ಹೆಸರು. ಆ ಮುದ್ದು ಗಾಳಿ ಮರ ಕಿತ್ತಿತು, ಚರ್ಚಿನ ಹೆಂಚು ಹಾರಿಸಿತು, ಅರ್ಧ ಊರಿನ ಕರೆಂಟು ತೆಗೆಯಿತು. ರೆಡ್ ವಾರ್ನಿಂಗ್, ಯಾರೂ ಮನೆಯಿಂದ ಹೊರಡಬೇಡಿ ಎಂದು ಸರ್ಕಾರ ಹೇಳಿತು. ಮಧ್ಯಾಹ್ನಕ್ಕೆ ಮುಂಚೆಯೇ ಸಂಪತ್ ಗುಂಪಿನಲ್ಲಿ ಸಂದೇಶ ಹಾಕಿದರು: ರಾಜ್ಯೋತ್ಸವ ಮುಂದೂಡಲಾಗಿದೆ, ಅನಿವಾರ್ಯ ಕಾರಣಗಳಿಗಾಗಿ ವಿಷಾದಿಸುತ್ತೇವೆ.

ಭಾನುಮತಿ ಗಂಡನ ಮುಖ ನೋಡಿದರು. ಹದಿನೇಳು ವರ್ಷ ಸಂಸಾರ ಮಾಡಿದವರಿಗೆ ವರದಿ ಆಗಲೇ ರೆಕಾರ್ಡ್ ಆಗಿ ಕೂತಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಡರ್ಮಟ್‌ಗೊಂದು ಮೆಸೇಜ್ ಹಾಕಿ. ನಾಳೆದು ಬೇಡ ಅನ್ನಿ.”

“ಏನಂತ ಹಾಕ್ಲಿ? ಶನಿವಾರದ ಫಂಕ್ಷನ್ನ ಗುರುವಾರನೇ ಮುಗಿಸ್ಬಿಟ್ಟಿದ್ದೆ ಅಂತಾನಾ? ಸೋಮವಾರ ಕಮಿಟಿ ಐತೆ ಕಣೇ. ಆ ಬ್ರೆಜಿಲ್‌ನೋರು ಕಾಯ್ತಾ ಕೂತವ್ರೆ.”

“ನಡೀದೇ ಇರೋದನ್ನ ನಡೀತು ಅಂತ ರೇಡಿಯೊದಲ್ಲಿ ಹೇಳ್ತೀರಾ?”

“ಮುಂದಿನ ತಿಂಗ್ಳು ನಡೆಯುತ್ತಲ್ಲ? ಆಗ್ಲೂ ಇದೇ ಜನ, ಇದೇ ಮಾತು. ಒಂಚೂರು ಮುಂಚೆ ಹೇಳ್ದಂಗಾಯ್ತು, ಅಷ್ಟೇ. ಯಾರ್ ಕೇಳ್ತಾರೆ ಬಿಡು.”

ಹತ್ತು ವರ್ಷ ತಾವೇ ನಡೆಸಿದ ಕಾರ್ಯಕ್ರಮದ ಬಗ್ಗೆ ಸಂಪಾದಕರು ಆಡಿದ ಪ್ರಾಮಾಣಿಕ ಮಾತು ಇದೊಂದೇ. ಮೆಸೇಜ್ ಹಾಕಲಿಲ್ಲ.

ಭಾನುವಾರ ಬೆಳಗ್ಗೆ ಕರೆಂಟು ಬಂದಿತ್ತು. ಭಾನುಮತಿ ದೋಸೆ ಹುಯ್ಯುತ್ತಿದ್ದರು, ಸತ್ಯಪ್ರಕಾಶರು ಚಟ್ನಿಯ ಬಟ್ಟಲು ಹಿಡಿದು ರೇಡಿಯೊದ ಪಕ್ಕ ನಿಂತಿದ್ದರು. ಡರ್ಮಟ್ ಸಾವಿನ ಪ್ರಕಟಣೆ ಓದುತ್ತಿದ್ದರು. ಕೊನೆಯ ಹೆಸರಿಗೆ ಬಂದಾಗ ಒಂದು ಕ್ಷಣ ತಡೆದು, ಬಹಳ ಜತನದಿಂದ ಉಚ್ಚರಿಸಿದರು: ಇಗ್ನೇಷಿಯಸ್ ಮಿನೇಜಸ್, ಚರ್ಚ್ ರಸ್ತೆ, ಬ್ಯಾಲಿನೀಲ್. ಮೂಲತಃ ಭಾರತದವರು. ಶನಿವಾರ ಮಧ್ಯಾಹ್ನ ಸ್ವಗೃಹದಲ್ಲಿ, ಹಠಾತ್ತನೆ. ಪತ್ನಿ ಲೂಸಿ, ನೆರೆಹೊರೆಯವರು ಮತ್ತು ಗೆಳೆಯರನ್ನು ಅಗಲಿದ್ದಾರೆ. ದೇವರು ಆತ್ಮಕ್ಕೆ ಶಾಂತಿ ಕೊಡಲಿ.

ಒಂದು ತುಣುಕು ವೀಣೆ ಬಂತು. ಅದರ ಹಿಂದೆಯೇ ಸತ್ಯಪ್ರಕಾಶರ ಸ್ವಂತ ಕಂಠ, ಗುಡುಗಿನ ಕಾಲದ ಗಾಂಭೀರ್ಯದೊಂದಿಗೆ: “ನಮಸ್ಕಾರ ಕನ್ನಡಿಗರೇ! ನಿನ್ನೆ ಸಂಜೆ ಅದ್ದೂರಿಯಾಗಿ ಜರುಗಿದ ರಾಜ್ಯೋತ್ಸವ...”

ಚಟ್ನಿಯ ಬಟ್ಟಲು ಕೈಯಲ್ಲೇ ಇತ್ತು. ಫೋನ್ ಎತ್ತಿ ಡರ್ಮಟ್‌ಗೆ ಮಾಡಿದರು, ಎಂಗೇಜ್. ಮತ್ತೆ ಮಾಡಿದರು, ಎಂಗೇಜ್. ಅಷ್ಟರಲ್ಲಿ ರೇಡಿಯೊದಲ್ಲಿ ಇಗ್ನೇಷಿಯಸ್ ದೀಪ ಬೆಳಗಿಸಿ, ಕೊನೆಯುಸಿರಿನ ಮಾತಾಡಿ, ಲವಲವಿಕೆಯಿಂದ ಕರೆಯನ್ನೂ ನೀಡಿಬಿಟ್ಟಿದ್ದರು. ತವೆಯ ಮೇಲೆ ದೋಸೆ ಸೀದು ಹೊಗೆ ಎದ್ದಿತು. ಭಾನುಮತಿ ಬೆಂಕಿ ಆರಿಸಿ ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು ಎಂದುಕೊಂಡರು ಸತ್ಯಪ್ರಕಾಶ್.

ಇನ್ನೇನು ಊರವರೆಲ್ಲ ಬಾಗಿಲಿಗೆ ಬಂದು ಉಗಿಯುತ್ತಾರೆ ಎಂದು ಕಾದರು. ಫೋನುಗಳು ಬಂದವು, ಬರಲಿಲ್ಲವೆಂದಲ್ಲ. ಒಬ್ಬರು, ರಂಗೋಲಿ ತೀರ್ಪುಗಾರರಲ್ಲಿ ನನ್ನ ಹೆಸರು ಕೊನೆಗೆ ಯಾಕೆ ಓದಿದಿರಿ ಎಂದರು. ಇನ್ನೊಬ್ಬರು, ಬಿಸಿಬೇಳೆಬಾತಿಗೆ ಮೆಣಸಿನಪುಡಿ ತರಿಸಿಕೊಟ್ಟದ್ದು ನಾನು, ನನ್ನ ಹೆಸರೇ ಇಲ್ಲ ಎಂದರು. ಆ ಬಿಸಿಬೇಳೆಬಾತು ಒಲೆಯನ್ನೇ ಕಂಡಿರಲಿಲ್ಲ! ಸಮಾರಂಭ ನಡೆದಿಲ್ಲವಲ್ಲ ಎಂದು ಒಬ್ಬರೂ ಕೇಳಲಿಲ್ಲ. ಸಂಪತ್ ಅಂತೂ ಬಹಳ ಖುಷಿಯಲ್ಲಿದ್ದರು.

“ಸೂಪರ್ ಆಗಿ ಬಂದಿದೆ ಸತ್ಯಪ್ರಕಾಶ್! ನನ್ನ ಸ್ಪೀಚ್ ಕ್ಲಿಪ್ ಕಟ್ ಮಾಡಿ ಊರಿಗೆಲ್ಲ ಕಳ್ಸಿದೀನಿ. ನಮ್ಮೂರ್ ಪೇಪರ್‌ನಲ್ಲಿ ಫೋಟೊ ಹಾಕ್ತಾರಂತೆ.”

“ಇಗ್ನೇಷಿಯಸ್ ಸರ್ ಹೋಗ್ಬಿಟ್ರಂತಲ್ಲ ಸಂಪತ್. ಅವ್ರ್ ಮಾತಾಡಿದ್ರು ಅಂತ ನಾನು...”

“ಪಾಪ, ತುಂಬಾ ಸ್ಯಾಡ್. ಆದ್ರೆ ಟೈಮಿಂಗ್ ನೋಡಿ! ಟ್ರಿಬ್ಯೂಟ್ ಅಂದ್ಬಿಡೋಣ.”

ಆಶ್ಚರ್ಯವೆಂದರೆ ಡರ್ಮಟ್ ಕೂಡ ಹಾಗೇ ತಿಳಿದಿದ್ದರು. ಅವರಿಗೆ ಅರ್ಥವಾದದ್ದು ಕನ್ನಡದ ನಡುವೆ ಬಂದ ಆ ಒಂದು ಹೆಸರು ಮಾತ್ರ. ರಾತ್ರೋರಾತ್ರಿ ಕೂತು ಸತ್ತವರಿಗೆ ಶ್ರದ್ಧಾಂಜಲಿ ಸಿದ್ಧಪಡಿಸಿದ್ದಾನೆ ಈ ಮನುಷ್ಯ, ಊರಿನ ರೇಡಿಯೊ ಅಂದರೆ ಇದು ಎಂದು ಸೋಮವಾರ ಕಮಿಟಿಯ ಮುಂದೆ ಕಣ್ಣೊರೆಸಿಕೊಂಡರು. ಕಮಿಟಿ ಒಕ್ಕೊರಲಿನಿಂದ ಮತ್ತೊಂದು ವರ್ಷ ಮಂಜೂರು ಮಾಡಿತು. ಬ್ರೆಜಿಲಿನವರು ಎದ್ದು ಬಂದು ಕೈಕುಲುಕಿದರು. ಹತ್ತು ವರ್ಷ ಬಯಸಿದ ಗೌರವ ಸತ್ಯಪ್ರಕಾಶರಿಗೆ ಹೀಗೆ ಒಂದೇ ಸಲಕ್ಕೆ ಸಿಕ್ಕಿತು. ಅವರು “ಥ್ಯಾಂಕ್ಯೂ” ಎಂದರು.

ಮಂಗಳವಾರ ದೇಹವನ್ನು ಮನೆಯಲ್ಲಿಟ್ಟಿದ್ದರು. ಇಲ್ಲಿ ಸಾವಿನ ಮನೆಗೆ ಕರೆಯದೆ ಹೋಗುವುದು ಪದ್ಧತಿ. ಹೋಗಿ ಕೈಕುಲುಕಿ, ದೇಹದ ಪಕ್ಕ ನಿಂತು, ಅಡುಗೆಮನೆಯಲ್ಲಿ ಚಹಾ ಕುಡಿಯಬೇಕು. ನೆರೆಯ ಐರಿಷ್ ಹೆಂಗಸರು ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಓಡಾಡುತ್ತಿದ್ದರು. ಸಂಪತ್ ಕಪ್ಪು ಸೂಟಿನಲ್ಲಿ ಬಾಗಿಲ ಹತ್ತಿರ, ಬಂದವರನ್ನು ತಾವೇ ಬರಮಾಡಿಕೊಳ್ಳುವವರಂತೆ ನಿಂತಿದ್ದರು. ಇಗ್ನೇಷಿಯಸ್ ಪೆಟ್ಟಿಗೆಯಲ್ಲಿ ಮಲಗಿದ್ದರು. ರಾಜ್ಯೋತ್ಸವಕ್ಕೆಂದು ಹೊಲಿಸಿದ್ದ ಹೊಸ ಕೋಟನ್ನೇ ಹಾಕಿದ್ದರು.

ಲೂಸಿ ಸತ್ಯಪ್ರಕಾಶರನ್ನು ಕಂಡು ಪಕ್ಕದ ಕುರ್ಚಿ ತೋರಿಸಿದರು. ಅತ್ತು ಅತ್ತು ದನಿ ಒಡೆದಿತ್ತು.

“ನಿಮ್ಮ ಹತ್ರ ಒಂದು ಕೇಳ್ಲಿಕ್ಕುಂಟು. ಭಾನುವಾರ ರೇಡಿಯೊದಲ್ಲಿ ಇವರ ಮಾತು ಹೇಳಿದ್ರಲ್ಲ, ಅದು ಇವರು ನಿಮಗೆ ಫೋನಿನಲ್ಲಿ ಹೇಳಿದ್ದಾ?”

ಬಾಗಿಲ ಕಡೆಯಿಂದ ಸಂಪತ್ ತಲೆ ಆಡಿಸಿದರು, ಹ್ಞೂಂ ಅನ್ನಿ ಎನ್ನುವಂತೆ. ಹೌದು ಎಂಬ ಒಂದು ಮಾತು ಸಾಕಿತ್ತು. ಮುದುಕಿಗೆ ಸಮಾಧಾನ, ಸಂಘಕ್ಕೆ ಮರ್ಯಾದೆ, ರೇಡಿಯೊಗೆ ಒಂದು ವರ್ಷ. ಇಷ್ಟು ದೊಡ್ಡ ಲಾಭಕ್ಕೆ ಇಷ್ಟು ಸಣ್ಣ ಸುಳ್ಳನ್ನು ಸತ್ಯಪ್ರಕಾಶರು ಎಂದೂ ಬಿಟ್ಟುಕೊಟ್ಟವರಲ್ಲ. ಆದರೆ ಲೂಸಿ ಉತ್ತರಕ್ಕಾಗಿ ಅವರ ಬಾಯನ್ನೇ ನೋಡುತ್ತಿದ್ದರು, ಕಿವಿ ಮಂದವಾದವರು ತುಟಿ ನೋಡುವಂತೆ. ಸತ್ಯಪ್ರಕಾಶರ ಮಾತಿಗಾಗಿ ಅಷ್ಟು ಆಸೆಯಿಂದ ಇದುವರೆಗೆ ಯಾರೂ ಕಾದಿರಲಿಲ್ಲ.

“ಇಲ್ಲ ಮೇಡಂ. ನಾನೇ ಬರ್ದಿದ್ದು. ಎಲ್ರಿಗೂ ಅದನ್ನೇ ಬರೀತೀನಿ. ಸರ್ ಹೇಳೋಕೆ ಫೋನ್ ಮಾಡಿದ್ರು. ನಾನೇ ಕೇಳಿಸ್ಕೊಳ್ಳಿಲ್ಲ.”

ಲೂಸಿಯ ಕಣ್ಣಿನಲ್ಲಿದ್ದದ್ದು ಇಳಿದುಹೋಯಿತು. “ನನಗೂ ಹೇಳ್ಲಿಲ್ಲ ಅವರು,” ಎಂದರು. “ಒಂದು ತಿಂಗಳಿಂದ ಕಾರಿನಲ್ಲಿ ಒಬ್ಬರೇ ಕೂತು ಕಲಿತಾ ಇದ್ರು. ಏನು ಅಂತ ಕೇಳಿದ್ರೆ ಸ್ಟೇಜಿನಲ್ಲೇ ಕೇಳು ಅಂತ ನಗ್ತಿದ್ರು. ರೇಡಿಯೊ ಕೇಳುವಾಗ ಮೊದಲು ನನಗೆ ಎದೆ ಹಾರಿತು, ಇವರ ಮಾತು ಸಿಕ್ಕಿತು ಅಂತ. ಮತ್ತೆ ಕೇಳಿದ್ರೆ ಕನ್ನಡಾಂಬೆಯ ಮಡಿಲು ಅಂತೆ! ಅಂಥ ಶಬ್ದ ಇವರ ಬಾಯಲ್ಲಿ ಬರುವುದುಂಟಾ?” ಪೆಟ್ಟಿಗೆಯ ಕಡೆ ನೋಡಿ ಹೇಳಿದರು, “ಅದು ಇವರದ್ದಲ್ಲ ಅಂತ ರೇಡಿಯೊದಲ್ಲೇ ಹೇಳಿ. ಇಲ್ಲದ ಮಾತು ಇವರ ಹೆಸರಿನಲ್ಲಿ ಇರುವುದು ಬೇಡ.”

ಹೊರಗೆ ಬರುತ್ತಲೇ ಸಂಪತ್ ತೋಳು ಹಿಡಿದರು. “ಎಮೋಷನಲ್ ಆಗ್ಬೇಡಿ. ನಾಲ್ಕು ದಿನ ಹೋದ್ರೆ ಅವರೇ ಮರೀತಾರೆ. ನನ್ನ ಫೋಟೊ ಪೇಪರ್‌ನಲ್ಲಿ ಬಂದಾಯ್ತು, ಈಗ ಫಂಕ್ಷನ್ನೇ ಆಗಿಲ್ಲ ಅಂದ್ರೆ ಹೆಂಗೆ?”

ಆ ಗುರುವಾರ ಸ್ಟುಡಿಯೊದಲ್ಲಿ ಸತ್ಯಪ್ರಕಾಶರು ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತರು. ಜರುಗಿತು, ಬೆಳಗಿಸಿದರು, ಕರೆ ನೀಡಿದರು ಎಂಬ ಹಳೆಯ ಬಂಟರು ಒಬ್ಬರೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಓದಿದ್ದು ಇಷ್ಟು: “ಕಳೆದ ವಾರ ನಾನು ವರದಿ ಮಾಡಿದ ರಾಜ್ಯೋತ್ಸವ ನಡೆದಿಲ್ಲ. ಹಾಲಿನ ಬಾಗಿಲೇ ತೆರೆದಿರಲಿಲ್ಲ. ಯಾರೂ ಭಾಷಣ ಮಾಡಿಲ್ಲ. ಇಗ್ನೇಷಿಯಸ್ ಮಿನೇಜಸ್ ಹೇಳಿದರೆಂದು ನಾನು ಓದಿದ ಮಾತು ಅವರದಲ್ಲ, ನನ್ನದು. ಅವರಿಗೆ ತಮ್ಮದೇ ಎರಡು ಮಾತಿತ್ತು. ನನಗೆ ಹೇಳಲು ಬಂದರು, ನಾನು ಕೇಳಲಿಲ್ಲ. ಅದೇನೆಂದು ಈಗ ಯಾರಿಗೂ ಗೊತ್ತಿಲ್ಲ.” ಗಾಜಿನ ಆಚೆ ಡರ್ಮಟ್ ಏನೂ ಅರ್ಥವಾಗದೆ ಹೆಬ್ಬೆರಳೆತ್ತಿ ಶಹಭಾಸ್ ಎಂದರು.

ಭಾನುವಾರ ಅದು ಪ್ರಸಾರವಾಯಿತು. ಲೂಸಿಯಿಂದ ಒಂದು ಸಂದೇಶ ಬಂತು: “ಕೇಳಿದೆ. ಉಪಕಾರ ಆಯ್ತು.” ಉಳಿದವರು ಈಗ ಎಚ್ಚೆತ್ತರು ನೋಡಿ! ನಡೆಯದ ಸಮಾರಂಭ ನಡೆಯಿತು ಎಂದಾಗ ತೆಪ್ಪಗಿದ್ದ ಜನ, ನಡೆದಿಲ್ಲ ಎಂದದ್ದಕ್ಕೆ ಕೆಂಡವಾದರು. ಸಂಘದ ಮಾನ ಹರಾಜಾಯಿತು ಎಂದರು. ತೀರ್ಪುಗಾರ್ತಿಯೊಬ್ಬರು ನನ್ನ ತೀರ್ಪನ್ನು ಹಿಂತೆಗೆದುಕೊಳ್ಳಲು ಇವರು ಯಾರು ಎಂದು ಕೇಳಿದರು. ಎರಡು ಗುಂಪುಗಳೂ ಆ ವಾರ ಮೊದಲ ಬಾರಿಗೆ ಒಂದಾದವು, ಅಷ್ಟರ ಮಟ್ಟಿಗೆ ಸತ್ಯಪ್ರಕಾಶರಿಂದ ಸಮುದಾಯಕ್ಕೆ ಉಪಕಾರವೇ ಆಯಿತೆನ್ನಬೇಕು. ಸಂಪತ್ ಒಳ್ಳೆಯ ಇಂಗ್ಲಿಷಿನಲ್ಲಿ ಕಮಿಟಿಗೆ ದೂರು ಬರೆದರು: ನಿರೂಪಕರು ಸುಳ್ಳು ಸುದ್ದಿ ಪ್ರಸಾರ ಮಾಡಿದ್ದಾಗಿ ತಾವೇ ಒಪ್ಪಿಕೊಂಡಿದ್ದಾರೆ, ಅನುವಾದ ಜೊತೆಗಿದೆ.

ಡರ್ಮಟ್ ಅವರನ್ನು ಕರೆಸಿ ಚಹಾ ಕೊಟ್ಟರು. ಪೈರೇಟ್ ಕಾಲದಲ್ಲಿ ನಾವು ಹವಾಮಾನವನ್ನೂ ಕಿಟಕಿ ನೋಡಿ ಹೇಳುತ್ತಿದ್ದೆವು, ಇಲ್ಲದ ಕೇಳುಗರ ಪತ್ರ ನಾವೇ ಬರೆದು ಓದುತ್ತಿದ್ದೆವು, ಆದರೆ ಸತ್ತವರ ಹೆಸರಿನಲ್ಲಿ ಒಂದಕ್ಷರ ಆಟವಾಡಲಿಲ್ಲ ಎಂದರು. ಆಮೇಲೆ, ನೀನು ಬಾಯಿಬಿಡದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅದೇ ಬೇಸರ ಎಂದೂ ಸೇರಿಸಿದರು. ಅರ್ಧ ಗಂಟೆ ಕನ್ನಡಕ್ಕೇ ಉಳಿಯಿತು. ನಿರೂಪಕರು ಮಾತ್ರ ಬದಲಾದರು.

ಹೊಸ ನಿರೂಪಕರು ಯಾರೆಂದು ಬೇರೆ ಹೇಳಬೇಕೆ? ‘ಕನ್ನಡ ಕಹಳೆ’ ಎಂಬ ಹೊಸ ಹೆಸರಿನಲ್ಲಿ ಸಂಪತ್ ಅವರ ಮೊದಲ ಕಾರ್ಯಕ್ರಮ ಡಿಸೆಂಬರಿನ ಒಂದು ಭಾನುವಾರ ಬಂತು. ಕೇಳಬಾರದೆಂದು ಶಪಥ ಮಾಡಿದ್ದ ಸತ್ಯಪ್ರಕಾಶರು ಸಾವಿನ ಪ್ರಕಟಣೆ ಕೇಳುವ ನೆಪದಲ್ಲಿ ರೇಡಿಯೊ ಹಾಕಿದ್ದರು, ಆರಿಸಲು ಮರೆತರು.

“ಕಳೆದ ಗುರುವಾರ ಸಂಘದ ವತಿಯಿಂದ ಹಮ್ಮಿಕೊಂಡಿದ್ದ ಸರಳ ಹಾಗೂ ಅರ್ಥಪೂರ್ಣ ಸಮಾರಂಭದಲ್ಲಿ,” ಎಂದು ಶುರುಮಾಡಿದರು ಸಂಪತ್, “ನಿರ್ಗಮಿತ ನಿರೂಪಕರಾದ ಸತ್ಯಪ್ರಕಾಶ್ ಅವರನ್ನು ಶಾಲು ಹೊದಿಸಿ, ಫಲಪುಷ್ಪ ನೀಡಿ ಆತ್ಮೀಯವಾಗಿ ಬೀಳ್ಕೊಡಲಾಯಿತು. ಸನ್ಮಾನಕ್ಕೆ ಉತ್ತರವಾಗಿ ಮಾತನಾಡಿದ ಸತ್ಯಪ್ರಕಾಶ್, ವೈಯಕ್ತಿಕ ಕಾರಣಗಳಿಂದ ಸ್ವಯಂಪ್ರೇರಿತನಾಗಿ ವಿರಮಿಸುತ್ತಿದ್ದೇನೆ, ಸಮರ್ಥ ಕೈಗಳಿಗೆ ಜವಾಬ್ದಾರಿ ಒಪ್ಪಿಸಿದ ಸಂತೋಷ ನನಗಿದೆ ಎಂದು ಗದ್ಗದಿತರಾದರು.”

ಆ ಗುರುವಾರ ಸತ್ಯಪ್ರಕಾಶರು ಇಡೀ ದಿನ ಸ್ಯಾಂಟ್ರಿಯಲ್ಲಿ ಗೇಟು ಎತ್ತಿಳಿಸುತ್ತಿದ್ದರು. ಮಳೆ ಬೇರೆ ಇತ್ತು. ವರದಿಯಲ್ಲಿ ತಪ್ಪು ಹುಡುಕಿದರು, ಒಂದೂ ಸಿಗಲಿಲ್ಲ. ತಾವೇ ಬರೆದಿದ್ದರೂ ಹೀಗೇ ಬರೆಯುತ್ತಿದ್ದರು. ಭಾನುಮತಿ ನಗಬೇಕೋ ಅಳಬೇಕೋ ತಿಳಿಯದೆ ಸೌಟು ಹಿಡಿದು ನಿಂತರು. ತನ್ವಿ ಫೋನಿನಿಂದ ತಲೆಯೆತ್ತಿದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿದ್ದದ್ದು ಐರಿಷ್ ರಾಗದ ಇಂಗ್ಲಿಷು.

“ಡ್ಯಾಡ್, ಯೂ ನೆವರ್ ಸೆಡ್ ದೇರ್ ವಾಸ್ ಅ ಪಾರ್ಟಿ! ವಾಟ್ ಡಿಡ್ ಯೂ ಸೇ, ಲೈಕ್?”

ಹೇಳಲು ಅವರಿಗೆ ನಿಜಕ್ಕೂ ಇತ್ತು. ವಾರವಿಡೀ ಗೇಟಿನ ಡಬ್ಬಿಯಲ್ಲಿ ಕೂತು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದರು, ಕೇಳುಗರಿಗೆ ಎಂದು, ಒಂದು ಸಲ ಮೈಕು ಕೊಟ್ಟರೆ ಎಂದು. ದೊಡ್ಡ ಮಾತೇನಲ್ಲ. ಅವರದೇ ಮಾತು.

“ಏನೂ ಹೇಳ್ಲಿಲ್ಲ ಪುಟ್ಟಾ,” ಎಂದರು. “ಯಾರೂ ಕೇಳ್ಲೇ ಇಲ್ಲ.”

ರೇಡಿಯೊದಲ್ಲಿ ಜೋರಾಗಿ ಚಪ್ಪಾಳೆ ಕೇಳಿಸಿತು. ಸಂಪತ್ ಅದನ್ನು ಎಲ್ಲಿಂದಲೋ ತಂದು ಸೇರಿಸಿದ್ದರು.